ಬೀರಿನ ನಳಕ್ಕೆ ಹಿಡಿಕೆ ಕಡೆದ ಅಕ್ಕೋರು

ಅಕ್ಕೋರು ಜೀವಮಾನದಲ್ಲಿ ಒಂದು ಹನಿ ಬೀರು ಕುಡಿದವರಲ್ಲ. ಆದರೂ ಕಿತ್ತೂರಿನ ಆಚೆ, ಹೆದ್ದಾರಿಯ ಬದಿಗಿರುವ ಒಂದು ಬೀರಿನ ಅಂಗಡಿಯಲ್ಲಿ ಇವತ್ತಿಗೂ ಬೀರು ಹರಿಯಬೇಕಾದರೆ ಅವರ ಹಿತ್ತಲಲ್ಲಿ ತಯಾರಾದ ಕಟ್ಟಿಗೆಯ ಹಿಡಿಕೆಗಳನ್ನೇ ಜಗ್ಗಬೇಕು.

ಹೋದ ತಿಂಗಳು ಅವರು ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಬಂದವರೆಲ್ಲ ಅವರು ಎಂಥ ಗಣಿತ ಕಲಿಸುತ್ತಿದ್ದರು, ಎಷ್ಟು ಶಿಸ್ತಿನವರು, ಎಷ್ಟು ಮಂದಿ ಅವರ ಕೈಯಲ್ಲಿ ಪಾಸಾಗಿ ಹೋದರು ಎಂದು ಮಾತಾಡಿದರು. ಎಲ್ಲ ನಿಜವೇ. ಆದರೆ ಯಾರೂ ಬೀರಿನ ನಳದ ಮಾತೆತ್ತಲಿಲ್ಲ. ನನಗೆ ತುಟಿಯವರೆಗೆ ಬಂದಿತ್ತು. ಎಲೆಯ ಮುಂದೆ ಕುಳಿತ ಹಿರಿಯರನ್ನು ನೋಡಿ ನುಂಗಿಕೊಂಡೆ. ಅಲ್ಲಿ ನುಂಗಿದ್ದನ್ನೇ ಈಗ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ; ಬೈಲಹೊಂಗಲದ ನಮ್ಮ ಓಣಿಯಲ್ಲಿ ಅಕ್ಕೋರು ಎಂದರೆ ಅವರೊಬ್ಬರೇ.

ನಾನು ಅವರು ಕಲಿಸುತ್ತಿದ್ದ ಹೈಸ್ಕೂಲಿಗೆ ಕನ್ನಡ ಕಲಿಸಲು ಬಂದಾಗ ಅವರ ಮನೆಯ ಮುಂಭಾಗದ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಹಿಂದಿನ ಭಾಗದಲ್ಲಿ ಅವರು ಮತ್ತು ಅಂಚೆ ಕಚೇರಿಯಿಂದ ನಿವೃತ್ತರಾದ ಅವರ ಯಜಮಾನರು. ಅಕ್ಕೋರು ಗಿಡ್ಡ, ತೆಳ್ಳಗೆ, ದಪ್ಪ ಕನ್ನಡಕ. ತುರುಬಿನಲ್ಲಿ ಹೂವು ಇರಲಿ ಬಿಡಲಿ, ಒಂದು ಪೆನ್ಸಿಲ್ ಮಾತ್ರ ಸಿಕ್ಕಿಸಿಕೊಂಡೇ ಇರುತ್ತಿತ್ತು. ಪುರೋಹಿತರ ಮನೆತನ, ಮಡಿ ಮೈಲಿಗೆಯಲ್ಲಿ ಬೆಳೆದವರು. ಏಕಾದಶಿ ತಪ್ಪಿಸುತ್ತಿರಲಿಲ್ಲ.

ಅವರ ತರಗತಿಯ ವಿಶೇಷವೆಂದರೆ, ಯಾರಾದರೂ ಲೆಕ್ಕ ತಪ್ಪಿದರೆ ಅವರ ಮುಖ ಅರಳುತ್ತಿತ್ತು. ಸಿಟ್ಟಿಗೆದ್ದು ಕೈ ಮೇಲೆ ಹೊಡೆಯುತ್ತಿದ್ದುದು ಇನ್ನೊಬ್ಬರ ಉತ್ತರ ನೋಡಿ ಬರೆದವರಿಗೆ ಮಾತ್ರ. ಸ್ವಂತ ಬುದ್ಧಿಯಿಂದ ತಪ್ಪು ಮಾಡಿದವನನ್ನು ಹಲಗೆಯ ಹತ್ತಿರ ಕರೆದು, "ಭಾಳ ಚೊಲೋ ತಪ್ಪು ಮಾಡೀದಿ! ಇಂಥಾದ್ದು ನಾ ಹತ್ತು ವರ್ಷದಾಗ ನೋಡಿದ್ದಿಲ್ಲ. ಎಲ್ಲಿಂದ ಹೊರಳಿತು, ಹುಡುಕೂಣು ಬಾ," ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಸಂಧಿ ಸಮಾಸ ಹೇಳುತ್ತಿದ್ದ ನನಗೆ ಆ ಸಂಭ್ರಮ ಗೋಡೆ ದಾಟಿ ಕೇಳಿಸುತ್ತಿತ್ತು. ನನ್ನ ಮಕ್ಕಳ ಕಿವಿಯೂ ಆ ಕಡೆಗೇ.

ಅವರು ನಿವೃತ್ತರಾದ ವರ್ಷ ಶಾಲೆಯ ಹಳೆಯ ಸಾಮಾನು ಹರಾಜಿಗೆ ಬಂತು. ಒಂದು ಕಾಲದಲ್ಲಿ ಕೈಕೆಲಸದ ತರಗತಿ ನಡೆಯುತ್ತಿದ್ದಾಗ ತಂದ ಕಟ್ಟಿಗೆ ಕಡೆಯುವ ಲೇತ್ ಒಂದು ತಗಡಿನ ಕೆಳಗೆ ತುಕ್ಕು ಹಿಡಿದು ಬಿದ್ದಿತ್ತು. ಗುಜರಿಯವರ ನಡುವೆ ನಿಂತು ಅಕ್ಕೋರು ಅದನ್ನು ಕೂಗಿ ಹಿಡಿದರು. ಹೆಡ್‌ಮಾಸ್ತರರು ದಂಗಾಗಿ, "ಅಕ್ಕೋರ, ಇದನ್ನ ತಗೊಂಡು ಏನ ಮಾಡ್ತೀರಿ?" ಎಂದರು.

"ಮೂವತ್ತಾರು ವರ್ಷ ಹಲಗಿ ಮ್ಯಾಲೆ ವರ್ತುಳ ತಗದೇನ್ರಿ. ಒಂದೂ ಕೈಯಾಗ ಹಿಡೀಲಿಕ್ಕೆ ಬರಲಿಲ್ಲ. ಈಗ ಕೈಯಾಗ ಹಿಡಿಯೂವಂಥಾವು ಮಾಡತೇನಿ," ಎಂದರು ಅಕ್ಕೋರು.

ಮೇವು ಕತ್ತರಿಸುವ ಯಂತ್ರದ ಹಳೆಯ ಮೋಟರು ಹಚ್ಚಿಸಿ, ಹಿತ್ತಲ ತುಳಸಿಕಟ್ಟೆಯ ಪಕ್ಕದ ತಗಡಿನ ಚಪ್ಪರದಲ್ಲಿ ಅದನ್ನು ಕೂರಿಸಿದರು. ಸೀರೆಯ ಸೆರಗು ಬಿಗಿದು, ಮೇಲೆ ಯಜಮಾನರ ಹಳೆಯ ಅಂಚೆ ಇಲಾಖೆಯ ಖಾಕಿ ಅಂಗಿ ಹಾಕಿ, ಬಳೆಗಳನ್ನು ಮೊಣಕೈಯತನಕ ಸರಿಸಿ ನಿಂತರೆಂದರೆ ಮುಗಿಯಿತು. ಮೊದಲ ಆರು ತಿಂಗಳು ಕಟ್ಟಿಗೆಯ ಸಿಪ್ಪೆ ಬಿಟ್ಟು ಬೇರೇನೂ ಆಗಲಿಲ್ಲ. ಆಮೇಲೆ ಕಡಗೋಲು, ಲಟ್ಟಣಿಗೆ, ಬುಗುರಿ. ಓಣಿಯ ಅಷ್ಟೂ ಮನೆಗಳಲ್ಲಿ ಅವರ ಲಟ್ಟಣಿಗೆಯಿಂದಲೇ ಚಪಾತಿ ಆಗತೊಡಗಿತು. ಹಳೆಯ ವಿದ್ಯಾರ್ಥಿಗಳ ಮದುವೆಗೂ ಅದೇ ಉಡುಗೊರೆ.

ಆ ಲಟ್ಟಣಿಗೆಯೇ ಬೀರನ್ನು ಮನೆಗೆ ಕರೆದು ತಂದದ್ದು.

ಸಂಕ್ರಾಂತಿ ಮುಗಿದ ವಾರ. ರಜೆಯ ದಿನ. ನಾನು ಅವರ ಪಡಸಾಲೆಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಲವತ್ತರ ಆಸುಪಾಸಿನ ಒಬ್ಬ ಗಂಡಸು ಬಂದು ಅಕ್ಕೋರ ಕಾಲು ಮುಟ್ಟಿದ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ನಪಾಸಾಗಿ, ಇದೇ ಪಡಸಾಲೆಯಲ್ಲಿ ಪಾಠ ಹೇಳಿಸಿಕೊಂಡು ಮರುಪರೀಕ್ಷೆಯಲ್ಲಿ ದಾಟಿದವನು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಒಂದು ಇತ್ತು. ಅದನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತ ಕುಳಿತ.

"ಅಕ್ಕೋರ, ಸಿಟ್ಟಾಗಬಾರ್ದ್ರಿ."

"ಮೊದಲ ಲೆಕ್ಕಾ ಹೇಳು. ಸಿಟ್ಟಾಗಬೇಕೋ ಬ್ಯಾಡೋ ಆಮ್ಯಾಲೆ ನೋಡತೇನಿ."

"ಕಿತ್ತೂರ ಹಂತ್ಯಾಕ, ಹೈವೇ ಮ್ಯಾಲ ಒಂದು ಬೀರಿನ ಅಂಗಡಿ ತಗ್ಯಾಕತ್ತೇನ್ರಿ. ಬಾಟ್ಲಿ ಅಲ್ರಿ, ನಳದಾಗಿಂದ ಗ್ಲಾಸಿಗೆ ಬಿಡೂದು. ನಳದ ಮ್ಯಾಲ ಒಂದು ಹಿಡಿಕಿ ಇರತೈತ್ರಿ. ಮುಂದ ಜಗ್ಗಿದ್ರ ಬೀರು ಬರತೈತಿ, ಹಿಂದ ದೂಡಿದ್ರ ನಿಂದರತೈತಿ. ಅವರು ಕೊಟ್ಟ ಹಿಡಿಕಿ ಪ್ಲಾಸ್ಟಿಕ್ಕಿನವು ಅದಾವ್ರಿ, ಹಲ್ಲ ತಿಕ್ಕೂ ಬ್ರಶ್ ಇದ್ದಂಗ. ನನಗ ಕಟ್ಟಿಗೀವು ಬೇಕ್ರಿ. ನಮ್ಮ ಮನ್ಯಾಗ ನೀವು ಕೊಟ್ಟ ಲಟ್ಟಣಿಗಿ ಐತಲ್ರಿ, ಅದನ್ನ ನೋಡಿದಾಗಿಂದ ಬ್ಯಾರೇದವರ ಕಡೆ ಹೋಗಾಕ ಮನಸ ಒಪ್ಪವಲ್ದು..."

ಮಾತು ಮುಗಿಯುವ ಹೊತ್ತಿಗೆ ಅವನ ಗದ್ದ ಎದೆಗೆ ತಾಗಿತ್ತು. ಮೂಲೆಯಲ್ಲಿ ಯಜಮಾನರು ಪೇಪರು ಕೆಳಗಿಳಿಸಿದರು. ನಾನು ಕೆಂಪು ಪೆನ್ನು ಎತ್ತಿದವಳು ಎತ್ತಿದಂತೆಯೇ ಉಳಿದೆ. ಈಗ ಗುಡುಗುತ್ತದೆ ಎಂದುಕೊಂಡೆ.

ಅಕ್ಕೋರು ಪೇಪರು ಬಿಚ್ಚಿದರು. ಒಳಗೆ ಬೆಳ್ಳಗೆ ಹೊಳೆಯುವ ಒಂದು ನಳ. ಮೇಲ್ತುದಿಯಲ್ಲಿ ಕಿರುಬೆರಳಿನಷ್ಟು ದಪ್ಪದ ತಿರುಪಿನ ಕಡ್ಡಿ. ಅದರ ಸುತ್ತುಗೆರೆಗಳ ಹಲ್ಲಿನ ಮೇಲೆ ಉಗುರು ಎಳೆದು ನೋಡಿದರು. ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ತಂದು ನೋಡಿದರು.

"ಇದರ ಹಲ್ಲು ಎಷ್ಟರದು?" ಎಂದರು.

ಅಷ್ಟೇ. ಬೀರು, ಬ್ರಾಹ್ಮಣಿಕೆ, ಜನ ಏನಂದಾರು ಎನ್ನುವುದು ಯಾವುದೂ ಆ ಕ್ಷಣ ಅವರ ತಲೆಯೊಳಗೆ ಇರಲಿಲ್ಲ. ಒಂದು ತಿರುಪಿಗೆ ತಕ್ಕ ನಟ್ಟು ಹುಡುಕಬೇಕು, ನಟ್ಟನ್ನು ಕಟ್ಟಿಗೆಯ ಹೊಟ್ಟೆಯೊಳಗೆ ಹೂಳಬೇಕು, ಅದು ವರ್ಷಗಟ್ಟಲೆ ಜಗ್ಗಿದರೂ ಕದಲಬಾರದು. ಅವರ ಮುಖದ ಮೇಲೆ ತರಗತಿಯ ಆ ಬೆಳಕು ಬಂದಿತ್ತು.

ಮುಂದಿನ ಐದು ದಿನ ಆ ನಳವನ್ನು ಕೈಚೀಲದಲ್ಲಿ ಹಾಕಿಕೊಂಡು ಅವರು ಬೈಲಹೊಂಗಲದ ಅಂಗಡಿ ಅಂಗಡಿ ತಿರುಗಿದರು. ಕಬ್ಬಿಣದ ಅಂಗಡಿಯ ಯಾವ ನಟ್ಟೂ ಕೂರಲಿಲ್ಲ. ಎರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತಿತ್ತು. ಲೇತ್ ವರ್ಕ್‌ಶಾಪಿನವನು ಅಳತೆ ನೋಡಿ, "ಇದು ಇಂಚಿನ ಹಲ್ಲು ಐತ್ರಿ. ಈಗ ಎಲ್ಲಾ ಮಿಲಿಮೀಟರಿಂದು. ಸಿಗೂದಿಲ್ಲ ಬಿಡ್ರಿ," ಎಂದ. ಅಕ್ಕೋರು ಬಿಡಲಿಲ್ಲ. ಆರನೆಯ ದಿನ ನಾನು ಒಂಬತ್ತನೆಯ ತರಗತಿಗೆ ಪದ್ಯ ಹೇಳುತ್ತಿದ್ದಾಗ ಕಿಟಕಿಯ ಸರಳು ಟಣಟಣ ಬಡಿದ ಸದ್ದಾಯಿತು. ನೋಡಿದರೆ ಅಕ್ಕೋರು. ಬಿಸಿಲಿಗೆ ಮುಖ ಕೆಂಪಾಗಿದೆ, ಬೆರಳುಗಳಿಗೆಲ್ಲ ಗ್ರೀಸು.

"ತಂಗೀ, ಕೂತದ! ಹಳೇ ಟ್ರ್ಯಾಕ್ಟರದ ನಟ್ಟು! ರಾಮದುರ್ಗ ರಸ್ತೆದಾಗಿನ ರಿಪೇರಿ ಅಂಗಡ್ಯಾಗ ಡಬ್ಬಿ ತುಂಬ ಅವ! ನೋಡಿಲ್ಲೆ!" ಎಂದು ಸರಳಿನ ನಡುವಿನಿಂದ ಕೈ ತೂರಿಸಿ ನಳದ ಮೇಲೆ ನಟ್ಟು ತಿರುಗಿಸಿ ತೋರಿಸಿದರು. ಬೆಣ್ಣೆಯಲ್ಲಿ ಬೆರಳು ಇಳಿದಂತೆ ಅದು ಇಳಿಯಿತು. ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು. ಅದು ಯಾವುದರ ನಳ ಎಂದು ಮಕ್ಕಳಿಗೆ ನಾನು ಹೇಳಲಿಲ್ಲ.

ಕಟ್ಟಿಗೆ ಕೊಟ್ಟದ್ದು ನನ್ನ ತವರು. ಕಟಕೋಳದಲ್ಲಿ ನಮ್ಮ ಸೋದರಮಾವನ ಕೊಟ್ಟಿಗೆಯಲ್ಲಿ ಹಳೆಯ ಚಕ್ಕಡಿಯೊಂದು ಮುರಿದು ಬಿದ್ದಿತ್ತು. ಎರಡು ಎತ್ತುಗಳ ನಡುವೆ ಹಾಯುವ ಅದರ ಉದ್ದನೆಯ ಈಸು ಗಟ್ಟಿ ಜಾಲಿಯದು. ಅಕ್ಕೋರು ಅದರ ಮೇಲೆ ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಯಿಟ್ಟು ಕೇಳಿ, "ಇದs ಬೇಕು," ಎಂದರು. ಮಾವ ನಕ್ಕು, "ಎತ್ತು ಜಗ್ಗಿದ್ದನ್ನ ಇನ್ನ ಕುಡುಕರು ಜಗ್ಗತಾರನ್ರಿ? ಒಯ್ರಿ, ಒಯ್ರಿ," ಎಂದು ಗರಗಸ ತಂದುಕೊಟ್ಟ.

ಮನೆಯಲ್ಲಿ ಕೆಲಸ ಶುರುವಾಯಿತು. ಗೇಣುದ್ದಕ್ಕಿಂತ ಜಾಸ್ತಿಯ ಐದು ತುಂಡು. ತುದಿಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ನಡು ಹಿಡಿಯುವುದು. ಮೊದಲು ಬುಡಕ್ಕೆ ನೆಟ್ಟಗೆ ತೂತು. "ತೂತು ಸೊಟ್ಟಾತಂದ್ರ ಐದು ಹಿಡಿಕಿ ಐದು ದಿಕ್ಕಿಗೆ ಮಾರಿ ಮಾಡಿ ನಿಂದರತಾವ," ಎನ್ನುತ್ತಿದ್ದರು. ಆಮೇಲೆ ಲೇತಿಗೆ ಏರಿಸಿ ಉಳಿ ಹಿಡಿದು ಕಡೆಯುವುದು. ಜಾಲಿಯ ಕರಿಗೆಂಪು ಸಿಪ್ಪೆ ಜಿಲೇಬಿಯಂತೆ ಸುರುಳಿ ಸುರುಳಿಯಾಗಿ ಅವರ ಖಾಕಿ ಅಂಗಿಯ ಮೇಲೆ, ಕನ್ನಡಕದ ಮೇಲೆ, ತುಳಸಿಯ ಮೇಲೆ. ನಯ ಮಾಡಿದ ಮೇಲೆ ಒದ್ದೆ ಅರಿವೆಯಿಂದ ಒರೆಸಿ, ಒಣಗಿದಾಗ ಎದ್ದ ನಾರನ್ನು ಮತ್ತೆ ಉಜ್ಜಿ ಕೂರಿಸುವುದು. ಗಟ್ಟಿ ಅಂಟು ಹಾಕಿ ನಟ್ಟು ಹೂಳುವುದು. ಕೊನೆಗೆ ಬೀರಾಗಲಿ ಬೆವರಾಗಲಿ ಒಳಗಿಳಿಯದಂತೆ ಮೂರು ಸಲ ವಾರ್ನಿಶು.

ಅಂಗಡಿಯವನು "ದೂರಿಂದ ಎದ್ದ ಕಾಣಬೇಕ್ರಿ," ಎಂದಿದ್ದ. ಅದಕ್ಕೆ ಅಕ್ಕೋರು ಹನುಮಪ್ಪನ ಗದೆಯ ಹಾಗೆ ಮಾಡಿದರು. ಕೆಳಗೆ ಸಪೂರ, ಮೇಲೆ ದಪ್ಪ ಗುಂಡು. ಹಿಡಿದರೆ ಕೈ ತುಂಬುತ್ತಿತ್ತು. ಐದನ್ನೂ ಪಡಸಾಲೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಾಗ ಯಜಮಾನರು ಅವುಗಳ ಎದುರು ನಿಂತು, "ಬ್ಯಾಂಡಿನವರು ನಿಂತಂಗ ಕಾಣತಾವ," ಎಂದರು. ಆ ಮನುಷ್ಯ ವಾರಕ್ಕೊಮ್ಮೆ ಒಂದು ವಾಕ್ಯ ಆಡುತ್ತಿದ್ದರು. ಆ ವಾರದ್ದು ಅದು.

ಅದೇ ಹೊತ್ತಿಗೆ ಲೇತಿನ ಪಕ್ಕದ ಹಲಗೆಯ ಮೇಲೆ ಇನ್ನೊಂದು ಕೆಲಸವೂ ನಡೆದಿತ್ತು. ಯಜಮಾನರ ಅಣ್ಣ, ಅಕ್ಕೋರ ಭಾವನವರು, ಸವದತ್ತಿಯಲ್ಲಿದ್ದರು. ಮನೆತನದ ಗುಡಿಯ ಪೂಜೆ ಅವರದೇ. ರಾಮನವಮಿಗೆ ದೇವರನ್ನು ತೂಗುವ ಪುಟ್ಟ ತೊಟ್ಟಿಲು ಹಳೆಯದಾಗಿತ್ತು, ಹೊಸದನ್ನು ಮಾಡಿಕೊಡಲು ಅಕ್ಕೋರಿಗೆ ಹೇಳಿದ್ದರು. ಮನೆಯ ಸೊಸೆಯಾದ ತಮ್ಮ ಕೈಯ ತೊಟ್ಟಿಲಲ್ಲಿ ಮನೆದೇವರು ಮಲಗುವುದು ಎಂದರೆ ಅಕ್ಕೋರಿಗೆ ಸಣ್ಣ ಮಾತಾಗಿರಲಿಲ್ಲ. ಕಿರುಬೆರಳಿನಷ್ಟು ದಪ್ಪದ ಹದಿನಾರು ಕಂಬಗಳನ್ನು ಒಂದೊಂದಾಗಿ ಕಡೆದು ಹತ್ತಿಯಲ್ಲಿ ಸುತ್ತಿಟ್ಟಿದ್ದರು.

ಹಿಡಿಕೆಗಳನ್ನು ಹಚ್ಚಿ ನೋಡುವ ದಿನ ಬಂತು. ಅಂಗಡಿಯ ಪ್ರಾರಂಭಕ್ಕೆ ಇನ್ನೂ ಒಂಬತ್ತು ದಿನ ಇತ್ತು. ನಾನೂ ಅಕ್ಕೋರೂ ಬೆಳಗಿನ ಬಸ್ಸಿಗೆ ಕಿತ್ತೂರಿಗೆ ಹೋದೆವು. ಅಂಗಡಿಯವನು ಕಟ್ಟೆಯ ಮೇಲಿನ ಐದೂ ನಳಗಳಿಗೆ ತನ್ನ ಕೈಯಿಂದಲೇ ಹಿಡಿಕೆ ತಿರುಗಿಸಿ ಕೂರಿಸಿದ. ನಿಜವಾಗಿಯೂ ಏನು ಚೆಂದ! ಹೊಸ ಗೋಡೆ, ಬೆಳ್ಳನೆಯ ನಳ, ಕರಿಗೆಂಪು ಜಾಲಿ. ಅವನು ಮೊಬೈಲಿನಲ್ಲಿ ಫೋಟೋ ಹೊಡೆದದ್ದೇ ಹೊಡೆದದ್ದು. "ಬಿಡ್ಲ್ಯಾ?" ಎಂದು ಒಳಗೆ ಹೋಗಿ ಬೀರನ್ನು ನಳಕ್ಕೆ ದೂಡುವ ಗ್ಯಾಸು ತಿರುವಿದ.

ಕೊಳವೆಗಳಲ್ಲಿ ಸುಂಯ್ ಎಂದಿತು. ನೋಡುತ್ತಿದ್ದಂತೆ ಮೊದಲನೆಯ ಹಿಡಿಕೆ, ಯಾರೂ ಮುಟ್ಟದೆಯೇ, ನಿಧಾನಕ್ಕೆ ಮುಂದಕ್ಕೆ ಬಾಗಿ ನಮಸ್ಕಾರ ಮಾಡಿತು. ನಳದಿಂದ ಬೀರು ಭರ್ರೆಂದು ನೆಗೆಯಿತು. "ಹಿಡೀರಿ! ಹಿಡೀರಿ!" ಎಂದು ನಾನು ಅದನ್ನು ಹಿಂದಕ್ಕೆ ದೂಡುವಷ್ಟರಲ್ಲಿ ಎರಡನೆಯದು ಬಾಗಿತು, ಮೂರನೆಯದು ಬಾಗಿತು. ಅಕ್ಕೋರು ಎರಡು ಕೈಯಲ್ಲಿ ಎರಡು ಹಿಡಿದರು, ನಾನೂ ಎರಡು. ಐದನೆಯದು ತನ್ನ ಪಾಡಿಗೆ ತಾನು ಸುರಿಸುತ್ತ ನಿಂತಿತು. ನೊರೆ ಕಟ್ಟೆಯ ಮೇಲೆ, ನೆಲದ ಮೇಲೆ, ನಮ್ಮಿಬ್ಬರ ಸೀರೆಯ ಮೇಲೆ. ಅಂಗಡಿಯವನು ಜಾರಿ ಬೀಳುತ್ತ ಏಳುತ್ತ ಓಡಿ ಗ್ಯಾಸು ಬಂದ್ ಮಾಡಿದ.

ಸದ್ದು ನಿಂತಿತು. ಅಕ್ಕೋರ ಕನ್ನಡಕದಿಂದ ನೊರೆ ಇಳಿಯುತ್ತಿತ್ತು. ಹಿಡಿಕೆಯೊಂದನ್ನು ಹಿಂದಕ್ಕೆ ದೂಡಿ ಬಿಟ್ಟರು. ಅದು ಮತ್ತೆ ಬಾಗಿತು. ಮತ್ತೆ ದೂಡಿದರು, ಮತ್ತೆ ಬಾಗಿತು. ಆಮೇಲೆ ಅವರು ಒಮ್ಮೆಲೇ ಕೈ ತಟ್ಟಿದರು.

"ತಲಿ ಭಾರ! ತಂಗೀ, ತಲಿ ಭಾರ ಆಗೇದ! ಇಷ್ಟು ವರ್ಷ ಗುರುತ್ವ ಕೇಂದ್ರ ಕಲಿಸಿದಾಕಿ ನಾನು, ನನ್ನ ಕೈಲೇ ಮ್ಯಾಲೆ ಗುಂಡು ಇಟ್ಟೇನಿ! ಎಂಥಾ ಚೊಲೋ ತಪ್ಪು ನೋಡು!"

ಅಂಗಡಿಯವನಿಗೆ ಅದು ಚೊಲೋ ತಪ್ಪು ಎನಿಸಲಿಲ್ಲ. ಅವನ ಕಣ್ಣು ತುಂಬಿತ್ತು. "ಇರಲಿ ಬಿಡ್ರಿ ಅಕ್ಕೋರ. ಪ್ಲಾಸ್ಟಿಕ್ಕಿನವನ್ನs ಹಾಕಿಬಿಡತೇನಿ. ನಿಮಗ ತ್ರಾಸ ಕೊಟ್ಟೆ," ಎಂದ.

"ಮರುಪರೀಕ್ಷಾಕ್ಕ ನಿನಗ ಎಷ್ಟ ದಿವ್ಸ ಕಲಿಸಿದ್ದೆ?"

"ಹನ್ನೆರಡು ದಿವ್ಸ್ರಿ."

"ನನಗ ಒಂಬತ್ತು ಕೊಡು."

ಮಧ್ಯಾಹ್ನದ ಬಸ್ಸಿಗೆ ಮರಳಿದೆವು. ಸೀರೆ ಹಿಂಡಿಕೊಂಡಿದ್ದೆವು, ಆದರೆ ವಾಸನೆಯನ್ನು ಹಿಂಡಲು ಬರುತ್ತದೆಯೇ? ಪಕ್ಕದ ಸೀಟಿನವರು ಎದ್ದು ಹಿಂದೆ ಹೋದರು. ಕಂಡಕ್ಟರ್ ಮೂಗು ಎಳೆಯುತ್ತ ಬಂದು, "ಯಾರ್ರೀ ಅದು ಕುಡದು ಹತ್ತಿದವ್ರು? ಇಳೀರಿ ಕೆಳಗ!" ಎಂದು ಗದರಿದ. ಅಕ್ಕೋರು ತರಗತಿಯಲ್ಲಿ ಮಕ್ಕಳು ಎತ್ತುವಂತೆ ಕೈ ಎತ್ತಿದರು.

"ಕುಡದಿಲ್ಲಪಾ. ಮೈಮ್ಯಾಲೆ ಸುರಕೊಂಡೇವಿ."

ಕಂಡಕ್ಟರ್ ಅವರನ್ನು ನೋಡಿದ, ಕುಂಕುಮ ನೋಡಿದ, ತುರುಬಿನ ಪೆನ್ಸಿಲು ನೋಡಿದ. ಏನೂ ತಿಳಿಯದೆ ಟಿಕೆಟು ಹರಿದು ಕೊಟ್ಟು ಹೋದ. ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಗಿತ್ತು. ಅಕ್ಕೋರು ಆ ಟಿಕೆಟ್ಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗದೆಯನ್ನು ತಲೆಕೆಳಗಾಗಿ ಬರೆಯುತ್ತಿದ್ದರು. ಕೆಳಗೆ ದಪ್ಪ, ಮೇಲೆ ಸಪೂರ. "ಜಾಲಿ ಬ್ಯಾಡ, ಭಾರ ಆಗತದ. ಸಾಗವಾನಿ. ನಾಕು ಬೆರಳು ಗಿಡ್ಡ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಸವದತ್ತಿ ಭಾವನವರ ಬೀಗಿತ್ತಿ ಕುಳಿತಿದ್ದರು. ದೇಗಾಂವದ ಕಮಲನಾರಾಯಣನ ದರ್ಶನ ಮುಗಿಸಿ ಕಿತ್ತೂರಿನಲ್ಲಿ ಬಸ್ಸು ಹತ್ತಿದ್ದರು. ನಾವು ಅವರನ್ನು ಕಾಣಲಿಲ್ಲ. ಅವರು ನಮ್ಮನ್ನು ಚೆನ್ನಾಗಿ ಕಂಡಿದ್ದರು, ನಮ್ಮ ಹಿಡಿಕೆಯ ಮಾತನ್ನೂ ಕೇಳಿಸಿಕೊಂಡಿದ್ದರು.

ಮೂರನೆಯ ದಿನ ಭಾವನವರು ಸವದತ್ತಿಯಿಂದ ಬಂದರು. ಎಪ್ಪತ್ತು ದಾಟಿದ, ಮಾತು ಎಣಿಸಿ ಆಡುವ ಹಿರಿಯರು. ಕಾಲು ತೊಳೆಯಲಿಲ್ಲ, ಕುಳಿತುಕೊಳ್ಳಲಿಲ್ಲ. ಅಕ್ಕೋರು ತಂದಿಟ್ಟ ಚಹ ಮುಟ್ಟಲಿಲ್ಲ.

"ಕೇಳಿದ್ದು ಖರೇನ?" ಎಂದರು.

"ಏನ ಕೇಳೀರಿ ಭಾವನವರ?"

"ಹೆಂಡದ ಅಂಗಡಿಗೆ ಸಾಮಾನ ಮಾಡಲಿಕ್ಕೆ ಹತ್ತೀದಿ ಅಂತ."

"ಖರೇ ಅದ. ನಳಕ್ಕ ಹಿಡಿಕಿ."

"ಒಂದs ಯಂತ್ರದ ಮ್ಯಾಲೆ ದೇವರ ತೊಟ್ಟಿಲಾನೂ ಆಗಬೇಕು, ಅದೂ ಆಗಬೇಕು?"

ಅಕ್ಕೋರು ಚಹದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. "ಭಾವನವರ, ನನ್ನ ಕೈಯಾಗ ಕಲತವರೊಳಗ ಪೂಜಾರಿನೂ ಇದ್ದಾರ, ಈ ಹುಡುಗನೂ ಇದ್ದಾನ. ಇಬ್ಬರಿಗೂ ಒಂದs ಮಗ್ಗಿ ಕಲಿಸೇನಿ. ಮಾತು ಕೊಟ್ಟೇನಿ, ಅರ್ಧಾ ಬಿಡಲಿಕ್ಕೆ ಬರೂದಿಲ್ಲ," ಎಂದರು. ಧ್ವನಿ ಏರಿರಲಿಲ್ಲ.

"ಹಂಗಾರ ತೊಟ್ಟಿಲಾ ನಮಗ ಬ್ಯಾಡ," ಎಂದು ಭಾವನವರು ಹೊರಟುಬಿಟ್ಟರು.

ಯಜಮಾನರು ಅಣ್ಣನನ್ನು ಬಾಗಿಲತನಕ ಕಳಿಸಿ ಬಂದರು. ಆ ದಿನವೆಲ್ಲ ಅಕ್ಕೋರು ಚಪ್ಪರದ ಕಡೆ ಹೋಗಲಿಲ್ಲ. ಹತ್ತಿ ಬಿಚ್ಚಿ ಹದಿನಾರು ಕಂಬಗಳನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಪೊರಕೆಯ ಸದ್ದು ಕೇಳಿ ಹೋಗಿ ನೋಡಿದೆ. ಯಜಮಾನರು ಲೇತಿನ ಸುತ್ತ ಬಿದ್ದ ಜಾಲಿಯ ಸಿಪ್ಪೆಯನ್ನೆಲ್ಲ ಗುಡಿಸಿ ಚೀಲ ತುಂಬಿದ್ದರು. ಮೋಟರಿನ ಪಟ್ಟಿಯ ಧೂಳು ಒರೆಸಿ, ಖಾಕಿ ಅಂಗಿಯನ್ನು ಜಾಡಿಸಿ, ಹೆಂಡತಿಯ ಮುಂದೆ ಹಿಡಿದು, "ಆರು ದಿವ್ಸ ಉಳದಾವ," ಎಂದರು. ಅಕ್ಕೋರು ಎದ್ದು ಅಂಗಿ ತೊಟ್ಟರು.

ಭಾವನವರು ಒಂದು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಬಂದರು, ಊಟ ಮಾಡಿದರು, ತೊಟ್ಟಿಲ ಮಾತು ಮಾತ್ರ ಯಾರೂ ತೆಗೆಯಲಿಲ್ಲ. ಅಕ್ಕೋರು ಅದನ್ನು ಪೂರ್ತಿ ಮಾಡಿ, ಬೇರೆ ಯಾರಿಗೂ ಕೊಡದೆ, ತಮ್ಮ ಉಳಿಗಳನ್ನು ಅದರಲ್ಲಿ ಮಲಗಿಸಿಡುತ್ತಿದ್ದರು.

ಎರಡನೆಯ ಸಲದ ಕಟ್ಟಿಗೆ ಅವರ ಮನೆಯ ಹಳೆಯ ಬಾಗಿಲ ಚೌಕಟ್ಟಿನ ಸಾಗವಾನಿ. ದಿನಕ್ಕೊಂದರಂತೆ ನಾಲ್ಕು ಹಿಡಿಕೆ ಆದವು. ಒಂದೊಂದನ್ನೂ ಮನೆಯಲ್ಲೇ ಉಳಿದಿದ್ದ ಮಾದರಿ ನಳದ ತಿರುಪಿಗೆ ಹಚ್ಚಿ, ಹಿಂದೆ ದೂಡಿ ಬಿಟ್ಟು, ಪಕ್ಕದಲ್ಲಿ ಕುಳಿತು ಕಾಯುತ್ತಿದ್ದರು. ನಿಂತರೆ "ಹಾಂ!" ಎಂದು ನನ್ನ ಬೆನ್ನಿಗೆ ಗುದ್ದು. ಎರಡು ದಿನ ಉಳಿದಿದ್ದಾಗ ಉಳಿ ಮಸೆಯುವಾಗ ಬಲಗೈ ಹೆಬ್ಬೆರಳು ಸೀಳಿತು. ಡಾಕ್ಟರು ನಾಲ್ಕು ಹೊಲಿಗೆ ಹಾಕಿ ದೊಡ್ಡ ಪಟ್ಟಿ ಕಟ್ಟಿದರು. ಐದನೆಯ ತುಂಡು ಲೇತಿನ ಮೇಲೆ ಚೌಕವಾಗಿಯೇ ಉಳಿದಿತ್ತು.

ಅಕ್ಕೋರು ಖಾಕಿ ಅಂಗಿ ಬಿಚ್ಚಿ ನನ್ನ ಕಡೆ ಚಾಚಿದರು.

"ನಾನಾ? ಅಕ್ಕೋರ, ನಾ ಕನ್ನಡದಾಕಿ! ನನಗ ಆ ಸಪ್ಪಳಕ್ಕ ಕೈ ನಡಗತಾವ!"

"ನಡಗಲಿ. ನಡಗೂ ಕೈಲೇ ಚಾಕ್‌ಪೀಸು ಹಿಡದು ಮೊದಲನೇ ದಿವ್ಸ ತರಗತಿಗೆ ಹೋಗಿದ್ದೆಲ್ಲ, ಹಂಗs."

ಮೂರು ವರ್ಷ ಆ ಯಂತ್ರವನ್ನು ದೂರದಿಂದಲೇ ನೋಡಿದ್ದೆ. ಗುಂಡಿ ಒತ್ತಿದೆ. ಮೋಟರು ಗುರ್ರೆಂದು ಎದ್ದಿತು, ಚೌಕ ತುಂಡು ಕಣ್ಣೆದುರೇ ಮಸುಕಾದ ದುಂಡಗಿನ ನೆರಳಾಯಿತು. ಉಳಿ ತಾಗಿಸಿದ ಕೂಡಲೆ ಟಕಟಕಟಕ ಎಂದು ಮೊಣಕೈಯತನಕ ಬಡಿಯಿತು. "ಒತ್ತಬ್ಯಾಡ! ಉಳಿ ಹಿಡಕೊಂಡು ನಿಂದರು ಅಷ್ಟ. ಕಟ್ಟಿಗಿ ತಾನs ಬರತದ," ಎಂದು ಅಕ್ಕೋರು ಸ್ಟೂಲಿನ ಮೇಲಿನಿಂದ ಕೂಗಿದರು. ನಿಂತೆ. ಟಕಟಕ ಕಡಿಮೆಯಾಗುತ್ತ ಆಗುತ್ತ ಒಂದೇ ನಯವಾದ ಶ್‌ಶ್ ಸದ್ದಾಯಿತು. ಬೆಚ್ಚಗಿನ ಸಿಪ್ಪೆ ನನ್ನ ಮುಂಗೈ ಮೇಲೆ ಸುರುಳಿ ಸುತ್ತಿ ಬೀಳತೊಡಗಿತು. ಚೌಕ ಹೋಗಿ ದುಂಡು ಬಂದ ಆ ಕ್ಷಣವನ್ನು ನಾನು ಯಾವ ಪದದಲ್ಲಿ ಹೇಳಲಿ! ನಾನೇ ಕಿರುಚಿದೆ, "ಅಕ್ಕೋರ, ಬರಾಕತ್ತೈತಿ!" ಅವರೂ ಕಿರುಚಿದರು, "ಬಂತು, ಬಂತು, ಬಿಡಬ್ಯಾಡ!" ಯಜಮಾನರು ಒಳಗಿನಿಂದ ಓಡಿ ಬಂದರು, ಮತ್ತೊಂದು ಬೆರಳು ಹೋಯಿತೆಂದು ತಿಳಿದು.

ನನ್ನದು ಉಳಿದ ನಾಲ್ಕರಷ್ಟು ಸುಂದರವಾಗಲಿಲ್ಲ. ನಡುವೆ ಒಂದು ಕಡೆ ಉಳಿ ಜಾರಿ ತಗ್ಗಾಗಿತ್ತು. ಅದನ್ನು ಮುಚ್ಚಲು ಸುತ್ತಲೂ ಒಂದು ಗೆರೆ ಕೊರೆದೆ. ಅದನ್ನು ನೋಡಿ ಅಕ್ಕೋರು ಉಳಿದ ನಾಲ್ಕಕ್ಕೂ ಅಂಥದೇ ಗೆರೆ ನನ್ನಿಂದಲೇ ಕೊರೆಸಿದರು.

ರಂಗಪಂಚಮಿಯ ದಿನ ಅಂಗಡಿಯ ಪ್ರಾರಂಭ. ನಾವು ಮೂವರೂ ಹೋದೆವು. ಯಜಮಾನರು ಲಿಂಬು ಸೋಡಾ ಹಿಡಿದು ಮೂಲೆಯ ಕುರ್ಚಿಯಲ್ಲಿ ಕುಳಿತರು. ಸುತ್ತಲಿನ ಹಳ್ಳಿಯವರು, ಲಾರಿ ನಿಲ್ಲಿಸಿ ಬಂದವರು, ಅಂಗಡಿಯವನ ಗೆಳೆಯರು, ಕೆನ್ನೆಯ ಮೇಲೆ ಇನ್ನೂ ಬಣ್ಣ ಉಳಿದವರು, ನಲವತ್ತು ಐವತ್ತು ಮಂದಿ. ಐದೂ ಹಿಡಿಕೆ ಹಚ್ಚಿಯಾಗಿತ್ತು. ಗ್ಯಾಸು ತಿರುವಿಯಾಗಿತ್ತು. ಅಂಗಡಿಯವನು ಕಟ್ಟೆಯ ಹಿಂದೆ ಅರಿವೆ ಹಿಡಿದುಕೊಂಡೇ ನಿಂತಿದ್ದ, ಇನ್ನೂ ನಂಬಿಕೆಯಿಲ್ಲದೆ.

"ಅಕ್ಕೋರ, ನೀವs ಜಗ್ಗಿ ಚಾಲೂ ಮಾಡ್ರಿ," ಎಂದ.

ಅಕ್ಕೋರು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ತಮ್ಮ ನಾಲ್ಕನ್ನು ಬಿಟ್ಟು ನೇರವಾಗಿ ನಡುವಿನದಕ್ಕೆ ಕೈ ಹಾಕಿದರು. ಅದು ನನ್ನದು. ಪಟ್ಟಿ ಕಟ್ಟಿದ ಹೆಬ್ಬೆರಳು ಮೇಲೆತ್ತಿ, ನಾಲ್ಕು ಬೆರಳಿನಿಂದ ಜಗ್ಗಿದರು. ಬೀರು ಬಂಗಾರದ ದಾರದಂತೆ ಇಳಿದು ಗ್ಲಾಸು ತುಂಬಿತು, ನೊರೆ ಅಂಚಿಗೆ ಬಂದು ನಿಂತಿತು. ಹಿಡಿಕೆಯನ್ನು ಹಿಂದಕ್ಕೆ ದೂಡಿ, ಅಕ್ಕೋರು ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದರು.

"ಒಂದು, ಎರಡು, ಮೂರು..." ಎಂದು ಎಣಿಸತೊಡಗಿದರು.

ಮೊದಲು ಕೆಲವರು ನಕ್ಕರು. ಹತ್ತಕ್ಕೆ ನಗು ನಿಂತಿತು. ಇಪ್ಪತ್ತಕ್ಕೆ ಇಡೀ ಅಂಗಡಿ ಆ ಒಂದು ಕಟ್ಟಿಗೆಯ ತುಂಡನ್ನು ದಿಟ್ಟಿಸಿ ನೋಡುತ್ತಿತ್ತು. ಹೊರಗೆ ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಹೋಯಿತು. ಕಟ್ಟೆ ಸಣ್ಣಗೆ ಅದುರಿತು, ಗ್ಲಾಸುಗಳು ಕಿಣಿಗುಟ್ಟಿದವು. ನಾನು ಕಣ್ಣು ಮುಚ್ಚಿದೆ. "ನಲವತ್ತೇಳು, ನಲವತ್ತೆಂಟು..." ಎಂದು ಅವರ ಧ್ವನಿ ಮುಂದುವರಿದಿತ್ತು. ಎಪ್ಪತ್ತರ ಹತ್ತಿರ ಯಾರೋ ಒಬ್ಬ, "ಅಕ್ಕೋರ, ಬಾಯಿ ಆರಿ ಹೋತ್ರಿ," ಎಂದ. ಅಕ್ಕೋರು ಎಣಿಕೆ ನಿಲ್ಲಿಸದೆ ಪಟ್ಟಿಯ ಹೆಬ್ಬೆರಳು ಅವನ ಕಡೆ ತೋರಿಸಿದರು. ತೊಂಬತ್ತಕ್ಕೆ ಜನ ತಾವೂ ಕೂಡಿ ಎಣಿಸತೊಡಗಿದರು. ಲಾರಿಯವರು, ಹೊಲದವರು, ಎಲ್ಲರೂ ಸಣ್ಣ ಶಾಲೆಯ ಮಕ್ಕಳ ಹಾಗೆ, ಒಂದೇ ಧ್ವನಿಯಲ್ಲಿ. ಮೂಲೆಯಿಂದ ಯಜಮಾನರ ಧ್ವನಿಯೂ ಕೇಳಿಸಿತು.

"ತೊಂಬತ್ತೆಂಟು! ತೊಂಬತ್ತೊಂಬತ್ತು! ನೂರು!"

ಹಿಡಿಕೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ನಳದ ಬಾಯಲ್ಲಿ ಒಂದು ಹನಿ ಇರಲಿಲ್ಲ. ಅಕ್ಕೋರು ತಿರುಗಿ, ಅಷ್ಟೂ ಮಂದಿಯ ನಡುವೆ ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು.

"ತಂಗೀ, ನಿಂದು ನಿಂತದ!"